ಸಖರಾಯಪಟ್ಟಣದ ಕಡೆ ಒಂದು ಕೆರೆ, ಒಂದು ಕುಚ್ಚು ಮೀನು

ಹೊಸತೊಡಕಿನ ದಿನ ಮಟನ್ ಅಂಗಡಿ ಮುಂದೆ ಕ್ಯೂ ನಿಲ್ಲುವುದು ಬಿಟ್ಟು ಮೀನಿಗೆ ಗಾಳ ಹಾಕೋಕೆ ಚಿಕ್ಕಮಗಳೂರಿಗೆ ಹೋಗ್ತೀವಿ ಅಂದಾಗ ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ. ಆದರೆ ಗೆಳೆಯನ ಹಟ. ಅವನಿರುವುದು ಟೆಕ್ಸಾಸ್‌ನಲ್ಲಿ. ಚಳಿ ಕಳೆದು ನೀರು ಬೆಚ್ಚಗಾಗುತ್ತಿದ್ದ ಹಾಗೆ ಅಲ್ಲಿನ ಜನ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಕೆರೆಗಳಿಗೆ ಹೊರಡುತ್ತಾರೆ, ಬಾಸ್ ಅನ್ನೋ ಮೀನು ಹಿಡಿಯೋಕೆ. ಯುಗಾದಿಗೆಂದು ರಜೆ ಹಾಕಿ ಬಂದವನು ಚಾಕೊಲೇಟ್ ಜೊತೆಗೆ ತುಂಡು ತುಂಡಾಗಿ ಬಿಚ್ಚುವ ರಾಡು, ರೀಲು, ಒಂದು ಡಬ್ಬಿ ತುಂಬ ರಬ್ಬರ್ ಕಪ್ಪೆಗಳನ್ನೂ ತಂದಿದ್ದ.

"ಬಾಸ್ ಇಲ್ಲಿ ಎಲ್ಲಿ ಸಿಗುತ್ತೋ?" ಅಂದೆ.

"ಬಾಸ್ ಬೇಡ, ಕುಚ್ಚು ಮೀನು ಸಾಕು. ಅದೂ ಹೀಗೇ ಜೊಂಡಿನ ಸಂದಿಯಲ್ಲಿ ಕಾದು ಕೂತು ಹೊಡೆಯುತ್ತೆ" ಅಂದ. ಗಾಳದ ಹುಚ್ಚಿನವರು ಮುರ್ರೆಲ್ ಅನ್ನುವುದು ಇದನ್ನೇ.

ಇಲ್ಲಿ ನನ್ನ ಹೊಟ್ಟೆಯುರಿ ಒಂದಿದೆ, ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ನಾವು ಉಳಿದ ಹೋಮ್‌ಸ್ಟೇಯವರು ಫೋಟೋ ಹಾಕಿ 'ಫಿಶಿಂಗ್ ಉಂಟು' ಎಂದು ಬರೆದಿದ್ದರು. ಹೋಗಿ ನೋಡಿದರೆ ಕಾಫಿ ಕಣದ ಪಕ್ಕ ಒಂದು ಸಿಮೆಂಟ್ ತೊಟ್ಟಿ. ಅದರೊಳಗೆ ಹೊಟ್ಟೆಗಿಲ್ಲದ ಜಿಲೇಬಿ ಮೀನುಗಳು. ಬರಿಗೈ ಅದ್ದಿದರೂ ಬೆರಳಿಗೆ ಬಾಯಿ ಹಾಕುತ್ತಿದ್ದವು. ಒಂದು ಕೋಲಿಗೆ, ಒಂದು ಗಂಟೆಗೆ ಇಷ್ಟು ಅಂತ ಬೇರೆ ದುಡ್ಡು. ನೀವು ಹೋಗುವುದಾದರೆ ಫೋನಿನಲ್ಲೇ ಕೇಳಿ: ಕೆರೆಯೋ, ತೊಟ್ಟಿಯೋ? ಕೆರೆ ಅಂದರೆ ಅದರ ಟೆಂಡರ್ ಯಾರದ್ದು, ಅವರು ಒಪ್ಪಿದ್ದಾರಾ ಅಂತಲೂ ಕೇಳಿ. ನಮ್ಮ ಕಡೆ ಕೆರೆಯ ಮೀನು ಸುಮ್ನೆ ಬಿದ್ದಿರುವ ಮಾಲಲ್ಲ. ಮೀನುಗಾರಿಕೆ ಇಲಾಖೆಯೋ ಪಂಚಾಯ್ತಿಯೋ ಹರಾಜು ಹಾಕಿರುತ್ತದೆ. ಹರಾಜು ಹಿಡಿದವರು ದುಡ್ಡು ಕೊಟ್ಟು ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟಿರುತ್ತಾರೆ. ಅವರನ್ನು ಕೇಳದೆ ದಡದಲ್ಲಿ ನಿಂತರೆ ಬೈಸಿಕೊಳ್ಳುವುದು ನ್ಯಾಯವೇ.

ಮುಳ್ಳಯ್ಯನಗಿರಿ ಬಗ್ಗೆ ಬರೆಯುವುದಿಲ್ಲ. 1,930 ಮೀಟರ್ ಎತ್ತರ ಹತ್ತಿದರೂ ಹಬ್ಬದ ರಜೆಯಲ್ಲಿ ಕಾಣುವುದು ಮುಂದಿನ ಕಾರಿನ ನಂಬರ್ ಪ್ಲೇಟು. ಗಿರಿ ರಸ್ತೆಯಲ್ಲಿ ನನಗೆ ಇಷ್ಟವಾಗಿದ್ದು ತೋಟಗಳು ಮಾತ್ರ. ಹೂಮಳೆ ಬಿದ್ದು ವಾರ ಕಳೆದಿತ್ತು, ಕಾಫಿ ಗಿಡದ ರೆಂಬೆಗಳೆಲ್ಲ ಬೆಳ್ಳಗಾಗಿದ್ದವು. ಎರಡು ದಿನದಲ್ಲಿ ಕಂದಿ ಹೋಗುವ ಹೂವು, ಅಷ್ಟರೊಳಗೆ ಹೋದವರ ಪುಣ್ಯ.

ತೊಟ್ಟಿಯ ಸಿಟ್ಟಿನಲ್ಲೇ ನಾವು ಕಡೂರು ರಸ್ತೆ ಹಿಡಿದು ಸಖರಾಯಪಟ್ಟಣಕ್ಕೆ ಇಳಿದೆವು. ಇಳಿಯುತ್ತಿದ್ದ ಹಾಗೆ ಮಲೆನಾಡು ಮುಗಿದು ತೆಂಗು, ಅಡಿಕೆ, ರಾಗಿ ಕೊಯ್ದ ಹೊಲ. ಹೊಂಗೆ ಮರಗಳೆಲ್ಲ ಹೊಸ ಚಿಗುರಿನಲ್ಲಿ ಮಿಂಚುತ್ತಿದ್ದವು. ಮೊದಲು ಅಯ್ಯನಕೆರೆಗೆ ಹೋದೆವು. ಗಾಳಕ್ಕಲ್ಲ, ನೋಡೋದಕ್ಕೆ. ಶಕುನಗಿರಿಯ ಬುಡದಲ್ಲಿರುವ ಈ ಕೆರೆಯನ್ನು ರುಕ್ಮಾಂಗದ ರಾಯ ಕಟ್ಟಿಸಿದ ಅನ್ನುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ ದುರಸ್ತಿಯಾಯಿತಂತೆ. ಏರಿ ಮೇಲೆ ನಡೆಯುತ್ತಾ ಹೋದರೆ ಒಂದು ಕಡೆ ನೀರು, ಇನ್ನೊಂದು ಕಡೆ ಆ ನೀರು ಕುಡಿದ ಹಸಿರು. ಜಿಲ್ಲೆಯಲ್ಲಿ ನನಗೆ ಇದಕ್ಕಿಂತ ಚೆಂದದ ಜಾಗ ಗೊತ್ತಿಲ್ಲ. ಫಾಲ್ಸು, ವ್ಯೂ ಪಾಯಿಂಟು ಅಂತ ಓಡುವವರು ಇಲ್ಲಿಗೆ ಬರುವುದು ಕಮ್ಮಿ. ಒಳ್ಳೇದೇ ಆಯಿತು.

ನಮಗೆ ಗಾಳ ಹಾಕೋಕೆ ಸಿಕ್ಕಿದ್ದು ಅಲ್ಲಿಂದ ಸ್ವಲ್ಪ ದೂರದ ಚಿಕ್ಕ ಕೆರೆ. ಟೀ ಅಂಗಡಿಯವರು ಟೆಂಡರ್ ಹಿಡಿದವರಿಗೆ ಫೋನ್ ಮಾಡಿಕೊಟ್ಟರು. "ಗೆಂಡೆ, ಕಾಟ್ಲಾ ಬಿದ್ದರೆ ವಾಪಸ್ ಬಿಡಿ, ಜಿಲೇಬಿ ಎಷ್ಟು ಬೇಕಾದ್ರೂ ಹೊತ್ಕೊಂಡು ಹೋಗಿ" ಅಂದರು ಅವರು. ಕುಚ್ಚು ಮೀನಿನ ಸುದ್ದಿ ಎತ್ತಿದ್ದಕ್ಕೆ ನಕ್ಕು, "ಅದನ್ನ ದಡದಲ್ಲಿರೋ ನಮ್ಮ ದೊಡ್ಡಪ್ಪನ್ನ ಕೇಳಿ" ಅಂದರು.

ದೊಡ್ಡಪ್ಪ ಅಂದರೆ ನಮಗೆ ಅಜ್ಜನ ವಯಸ್ಸಿನವರು. ತೂಬಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದರು. ಬಿದಿರಿನ ಕೋಲು, ಎರೆಹುಳ ತುಂಬಿದ ತೆಂಗಿನ ಚಿಪ್ಪು. ಬೆಂಡಿನ ಬದಲು ನವಿಲುಗರಿಯ ದಂಟನ್ನು ಬೆರಳುದ್ದ ಕತ್ತರಿಸಿ ದಾರಕ್ಕೆ ಕಟ್ಟಿದ್ದರು. ಜಿಲೇಬಿ ಮೀನು ಹುಳಕ್ಕೆ ಮೂತಿ ತಾಗಿಸಿದರೂ ಆ ದಂಟು ನೆಟ್ಟಗೆ ನಿಂತು ನಡುಗುತ್ತಿತ್ತು. ಗೆಳೆಯ ಅದನ್ನೇ ದಿಟ್ಟಿಸಿ ನೋಡಿದ. ಅವನ ಡಬ್ಬಿಯಲ್ಲಿದ್ದ ಯಾವ ಪ್ಲಾಸ್ಟಿಕ್ ಫ್ಲೋಟೂ ಅಷ್ಟು ಸೂಕ್ಷ್ಮ ಇರಲಿಲ್ಲ.

ಅವನು ರಾಡು ಜೋಡಿಸಿ, ರಬ್ಬರ್ ಕಪ್ಪೆ ಕಟ್ಟಿ, ತಾವರೆ ಎಲೆಗಳ ಅಂಚಿಗೆ ಒಗೆಯಲು ಕೈ ಎತ್ತಿದ.

"ಅಲ್ಲಿ ಹಾಕ್ಬೇಡ ಕಣಪ್ಪಾ" ಅಂದರು ಅಜ್ಜ. ತಲೆಯನ್ನೂ ತಿರುಗಿಸಿರಲಿಲ್ಲ.

"ಯಾಕಜ್ಜ? ಜೊಂಡು ಸಿಕ್ಕಿಕೊಳ್ಳುತ್ತಾ?"

"ಮರಿ ಅವೆ. ನೋಡಲ್ಲಿ."

ಮೊದಲು ಏನೂ ಕಾಣಲಿಲ್ಲ. ಆಮೇಲೆ ಎರಡು ಎಲೆಗಳ ನಡುವೆ ಒಂದು ತಟ್ಟೆಯಗಲ ಜಾಗದಲ್ಲಿ ಅನ್ನದ ಎಸರು ಕುದಿಯುವ ಹಾಗೆ ನೀರು ಬುಳುಬುಳು ಎಂದಿತು. ಅದರಡಿಯಲ್ಲಿ ಕೆಂಪು. ಕಣ್ಣು ಹೊಂದಿಕೊಂಡ ಮೇಲೆ ತಿಳಿಯಿತು, ನೂರಾರು ಮರಿಗಳು. ಉಗುರಿಗಿಂತ ಸ್ವಲ್ಪ ಉದ್ದ, ಕಿತ್ತಳೆಗೆಂಪು ಬಣ್ಣ. ಒಟ್ಟಿಗೆ ಮೇಲೆ ಬಂದು ಗಾಳಿ ಗುಟುಕರಿಸಿ ಒಟ್ಟಿಗೆ ಕೆಳಗೆ ಇಳಿಯುತ್ತಿದ್ದವು. ಕುಚ್ಚು ಮೀನಿಗೆ ಕಿವಿರಿದ್ದರೆ ಸಾಲದು, ಆಗಾಗ ಮೇಲೆ ಬಂದು ಗಾಳಿ ಎಳೆದುಕೊಳ್ಳಲೇಬೇಕು. ಮರಿಗಳೂ ಅಷ್ಟೇ. ಹಾಗೆ ಮೇಲೆ ಬರುವಾಗಲೇ ನೀರುಕಾಗೆಗೋ ಬೇರೆ ಮೀನಿಗೋ ಸಿಕ್ಕಿಬೀಳುವುದು. ಮರಿಗಳ ಗುಂಪಿನ ಅಡಿಗೆ ಒಂದು ಕಪ್ಪು ಉದ್ದ ಬೆನ್ನು ಅತ್ತಿಂದಿತ್ತ ತಿರುಗುತ್ತಿತ್ತು. ನನ್ನ ಮೊಣಕೈ ಉದ್ದ ಇರಬಹುದು. ಒಂದು ಜಿಲೇಬಿ ಹತ್ತಿರ ಸುಳಿದಿದ್ದೇ ತಡ, ಎಲೆ ಅಲ್ಲಾಡುವ ಹಾಗೆ ನುಗ್ಗಿ ಓಡಿಸಿ ಮತ್ತೆ ತನ್ನ ಜಾಗಕ್ಕೆ ಬಂತು.

"ಇನ್ನೊಂದೂ ಅದೆ, ಆ ಕಡೆ" ಅಂದರು ಅಜ್ಜ. "ಗಂಡ ಹೆಂಡ್ತಿ ಇಬ್ರೂ ಕಾಯ್ತವೆ. ಮಳೆಗಾಲಕ್ಕೆ ಜಾಸ್ತಿ ಮರಿ ಮಾಡೋದು. ಈ ಸಲ ಮಳೆ ಮುಂಚೆ ಬಿತ್ತಲ್ಲ, ಇವಕ್ಕೆ ಅರ್ಜೆಂಟು."

ನಾನು ಅಂದುಕೊಂಡೆ, ಅಜ್ಜನಿಗೆ ಮೀನಿನ ಮೇಲೆ ಕರುಣೆ ಇರಬೇಕು ಅಂತ. ಅಷ್ಟರಲ್ಲಿ ಒಂದು ಜಿಲೇಬಿ ಎಳೆದು, ಕಲ್ಲಿಗೆ ತಲೆ ಕುಕ್ಕಿ, ಮಾತಿನ ಮಧ್ಯೆಯೇ ಚೀಲಕ್ಕೆ ಹಾಕಿದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರೊಳಗೆ ಕೈ ಹಾಕಿ, ಅಲ್ಲಿ ಹುದುಗಿರುವ ಕುಚ್ಚು ಮೀನನ್ನು ಕಿತ್ತು ತರುತ್ತಿದ್ದ ಕಥೆಯನ್ನೂ ಹೇಳಿದರು. ಅದರ ಸಾರಿನ ಮುಂದೆ ಕುರಿ ಯಾವ ಲೆಕ್ಕ ಅಂದರು. ಹೊಸತೊಡಕಿನ ದಿನ ಆ ಮಾತು ಹೇಳೋಕೆ ಧೈರ್ಯ ಬೇಕು, ಅಲ್ವಾ?

"ಈಗ ಹಾಕಿದ್ರೆ ನಿನ್ ಕಪ್ಪೆಗೆ ಖಂಡಿತ ಹೊಡೀತದೆ" ಅಂದರು ಗೆಳೆಯನಿಗೆ. "ಹಸಿವಿಗಲ್ಲ. ಮರಿ ತಿನ್ನೋಕೆ ಬಂತು ಅಂತ. ಅದನ್ನ ಹಿಡಿಯೋದು ಯಾವ ದೊಡ್ಡಸ್ತಿಕೆ?"

ಗೆಳೆಯ ಸುಮ್ಮನಾಗಲಿಲ್ಲ. ಹಿಡಿದು, ಫೋಟೋ ತೆಗೆದು, ಅಲ್ಲೇ ಬಿಡುತ್ತೇನಲ್ಲ ಅಂದ. ಅವರ ಕಡೆ ಎಲ್ಲರೂ ಹಾಗೇ ಮಾಡುವುದು. ಬಾಸ್ ಕೂಡ ನೀರಿನಡಿಯ ಮರಳು ಗುಡಿಸಿ ಗುಂಡಿ ಮಾಡಿ ಮೊಟ್ಟೆ ಇಡಿಸಿಕೊಳ್ಳುತ್ತೆ. ಅಲ್ಲಿ ಕಾಯುವುದು ಗಂಡು, ಮೊಟ್ಟೆಗೆ ಬಾಲದಲ್ಲೇ ಗಾಳಿ ಹಾಕುತ್ತಾ.

"ಹೆಣ್ಣು ಎಲ್ಲೋಯ್ತದೆ?"

"ಮೊಟ್ಟೆ ಇಟ್ಟು ಹೊರಟುಬಿಡುತ್ತೆ ಅಜ್ಜ."

"ಅಮೆರಿಕಾ" ಅಂದರು ಅಜ್ಜ, ಅಷ್ಟೇ.

"ಸರಿ, ನೀನು ಆ ಗಂಡನ್ನ ಮೇಲೆತ್ತಿ ಫೋಟೋ ತೆಗೀತಿಯಲ್ಲ, ಆವಾಗ ಮೊಟ್ಟೆ ಯಾರು ಕಾಯ್ತಾರೆ?"

ಗೆಳೆಯ ತಲೆ ಕೆರೆದುಕೊಂಡ. ಸುಳ್ಳು ಹೇಳುವವನಲ್ಲ ಅವನು. ಬ್ಲೂಗಿಲ್ ಅಂತ ಅಂಗೈ ಅಗಲದ ಮೀನುಗಳು ಸುತ್ತ ಹೊಂಚು ಹಾಕಿರುತ್ತವೆ, ಗಂಡು ಆಚೆ ಹೋದ ಕೆಲವೇ ನಿಮಿಷಗಳಲ್ಲಿ ನುಗ್ಗಿ ಮೊಟ್ಟೆ ಮುಕ್ಕುತ್ತವೆ ಅಂತ ತಾನೇ ಒಪ್ಪಿಕೊಂಡ. ಇದರ ಬಗ್ಗೆ ಅಲ್ಲಿನ ಗಾಳದವರಲ್ಲೇ ದೊಡ್ಡ ಜಗಳವಿದೆಯಂತೆ. ಕೆನಡಾದ ಕೆಲವು ಕಡೆ ಆ ಕಾಲದಲ್ಲಿ ಬಾಸ್ ಹಿಡಿಯುವುದಕ್ಕೇ ತಡೆ ಇದೆ. ಟೆಕ್ಸಾಸ್‌ನಲ್ಲಿ ಇಲ್ಲ. ಆದರೆ ಟೆಕ್ಸಾಸಿನ ಮಾನ ಉಳಿಸಬೇಕಲ್ಲ, ಇನ್ನೊಂದು ವಿಷಯ ಹೇಳಿದ. ಜನವರಿಯಿಂದ ಮಾರ್ಚ್ ಒಳಗೆ ಯಾರಿಗಾದರೂ 13 ಪೌಂಡಿನ, ಅಂದರೆ ಸುಮಾರು 6 ಕೆ.ಜಿ.ಯ, ಇಲ್ಲವೇ ಅದಕ್ಕಿಂತ ದೊಡ್ಡ ಬಾಸ್ ಸಿಕ್ಕಿದರೆ ಅದನ್ನು ಸರ್ಕಾರಕ್ಕೆ ಸಾಲ ಕೊಡಬಹುದು. 1986ರಿಂದ ಈ ಯೋಜನೆ ಇದೆ. ಸರ್ಕಾರದವರು ನೀರಿನ ಟ್ಯಾಂಕಿನಲ್ಲಿ ಒಯ್ದು, ಮರಿ ಕೇಂದ್ರದಲ್ಲಿ ಮೊಟ್ಟೆ ಇಡಿಸಿ, ಮರಿಗಳನ್ನು ಕೆರೆಗಳಿಗೆ ಬಿಡುತ್ತಾರೆ. ದೊಡ್ಡ ಮೀನನ್ನು ಸಿಕ್ಕಿದ ಕೆರೆಗೇ ವಾಪಸ್ ತಂದು ಬಿಡುತ್ತಾರೆ.

ಅಜ್ಜ ಕೋಲು ಕೆಳಗಿಟ್ಟು ಪೂರ್ತಿ ನಮ್ಮ ಕಡೆ ತಿರುಗಿದ್ದು ಆಗಲೇ. "ಬಾಣಂತನ ಮಾಡಿಸಿ ಮನೆಗೆ ಬಿಟ್ಟು ಬರ್ತಾರೆ ಅನ್ನು!" ಅಂತ ಜೋರಾಗಿ ನಕ್ಕರು. ಆಮೇಲೆ ಬಿಡಲೇ ಇಲ್ಲ. ಗಾಡಿ ಡೀಸೆಲ್ ಯಾರದ್ದು? ದಾರಿಯಲ್ಲಿ ಸತ್ತರೆ ಯಾರು ಹೊಣೆ? ಮೀನು ಕೊಟ್ಟವನಿಗೆ ಏನು ಸಿಗುತ್ತೆ? ಹೆಸರು ಬರುತ್ತೆ, ಆ ಮೀನಿನದೇ ಅಳತೆಯ ಒಂದು ಗೊಂಬೆ ಮೀನು ಮಾಡಿಕೊಡುತ್ತಾರೆ ಅಂದ ಗೆಳೆಯ. "ತಿನ್ನೋಕಾಗದ ಮೀನು" ಅಂದು ಅಜ್ಜ ಮತ್ತೆ ನಕ್ಕರು. ಬಿಸಿಲು ನೆತ್ತಿಗೇರುವವರೆಗೆ ಇದೇ ಮಾತು. ರಾಡು ಹೊಂಗೆ ಮರಕ್ಕೆ ಒರಗಿಕೊಂಡೇ ಇತ್ತು.

ಗೆಳೆಯ ಕೊನೆಗೆ ಅಜ್ಜನ ಕೋಲನ್ನೇ ಇಸಿದುಕೊಂಡು ಎರೆಹುಳ ಹಾಕಿ ಜಿಲೇಬಿ ಹಿಡಿದ. ಒಂದೆರಡು ಸಲ ಬೆನ್ನಿನ ಮುಳ್ಳು ಚುಚ್ಚಿಸಿಕೊಂಡು ಇಂಗ್ಲಿಷಿನಲ್ಲಿ ಬೈದ. ಜಿಲೇಬಿ ಹಿಡಿಯುವಾಗ ತಲೆ ಕಡೆಯಿಂದ ಕೈ ಸವರಿ ಮುಳ್ಳು ಮಲಗಿಸಿ ಹಿಡಿಯಬೇಕು ಅಂತ ಅಜ್ಜ ತೋರಿಸಿಕೊಟ್ಟರು. ಅವರ ಮನೆಯಲ್ಲೇ ಸೊಸೆ ಮಾವಿನಕಾಯಿ ಹಾಕಿ ಸಾರು ಮಾಡಿದರು, ಜೊತೆಗೆ ರಾಗಿ ಮುದ್ದೆ. ಮೀನಿನ ಮಟ್ಟಿಗೆ ಜಿಲೇಬಿ ಏನೂ ದೊಡ್ಡ ರುಚಿಯದ್ದಲ್ಲ, ಮಣ್ಣಿನ ವಾಸನೆ ಇದ್ದೇ ಇರುತ್ತೆ. ಆ ಹುಳಿ ಅದನ್ನು ಗೆದ್ದಿತ್ತು. ಹೋಮ್‌ಸ್ಟೇಯ ಬಫೆ ಊಟವನ್ನು ಇದರ ಪಕ್ಕದಲ್ಲಿ ಹೆಸರಿಸುವುದೂ ಬೇಡ.

ಹೊರಡುವಾಗ ಗೆಳೆಯ ಕೇಳಿದ, "ಹಂಗಾದ್ರೆ ಕುಚ್ಚು ಹಿಡಿಯೋಕೆ ಯಾವಾಗ ಬರ್ಲಿ ಅಜ್ಜ?"

"ದೀಪಾವಳಿ ಕಳೀಲಿ. ಕೆರೆ ತುಂಬಿರ್ತದೆ, ಮರಿಗಳು ದೊಡ್ಡವಾಗಿ ಅವುಗಳ ಪಾಡಿಗೆ ಅವು ಹೋಗಿರ್ತವೆ. ಆವಾಗ ಬಾ, ಎಲ್ಲಿ ಹಾಕ್ಬೇಕು ಅಂತ ನಾನೇ ತೋರಿಸ್ತೀನಿ."

ದೀಪಾವಳಿಗೆ ಅವನಿಗೆ ರಜೆ ಸಿಗುವುದಿಲ್ಲ. ರಾಡನ್ನೂ ಕಪ್ಪೆ ಡಬ್ಬಿಯನ್ನೂ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಾನೆ. ಟೆಂಡರ್ ಹಿಡಿದವರ ಫೋನ್ ನಂಬರ್ ನನ್ನ ಹತ್ತಿರ ಇದೆ.