ಪ್ರೀಲ್ಯಾಮ್ ಅಡಿಯಲ್ಲಿ ಚಕ್ಕೆ ಏಳದಂತೆ ಸ್ಕೋರಿಂಗ್ ಬ್ಲೇಡ್

ಟೇಬಲ್ ಸಾದಲ್ಲಿ (ಮೇಜಿನಿಂದ ಬ್ಲೇಡ್ ಮೇಲೆದ್ದಿರುವ ಗರಗಸ) ಪ್ರೀಲ್ಯಾಮ್ ಬೋರ್ಡ್, ಅಂದರೆ ಲ್ಯಾಮಿನೇಟ್ ಪದರ ಮೊದಲೇ ಅಂಟಿ ಬಂದ ಬೋರ್ಡ್, ಕೊಯ್ದರೆ ಮೇಲ್ಮೈ ನೀಟಾಗಿರುತ್ತೆ, ಅಡಿಯಲ್ಲಿ ಲ್ಯಾಮಿನೇಟ್ ಚಕ್ಕೆ ಏಳುತ್ತೆ. ಬ್ಲೇಡಿನ ಹಲ್ಲು ಹೊರಬೀಳೋದು ಅಲ್ಲೇ. ಮುಖ್ಯ ಬ್ಲೇಡಿನ ಮುಂದೆ ಪ್ರತ್ಯೇಕ ಮೋಟರಿನಲ್ಲಿ ಅದಕ್ಕೆ ಉಲ್ಟಾ ತಿರುಗುವ 120 ಮಿ.ಮೀ. ಸ್ಕೋರಿಂಗ್ ಬ್ಲೇಡ್ ಮೊದಲೇ 1–2 ಮಿ.ಮೀ. ಆಳದ ಗೆರೆ ಹಾಕುತ್ತೆ. ಅದಕ್ಕಿಂತ ಆಳ ಬೇಡ, ಬೋರ್ಡನ್ನು ಕೈಯಿಂದ ಎಳೆದುಕೊಂಡೀತು.

ನಿಜವಾದ ತಲೆನೋವು ಹೊಂದಾಣಿಕೆ. ಮುಖ್ಯ ಬ್ಲೇಡಿನ ಸೀಳು 3.2 ಮಿ.ಮೀ. ಅಗಲ ಇದ್ದರೆ ಗೆರೆ 3.3–3.4 ಇರಲಿ. ಎರಡು ತುಂಡಿನ ಸ್ಕೋರಿಂಗ್ ಬ್ಲೇಡಾದರೆ ನಡುವೆ 0.1 ಮಿ.ಮೀ. ಶಿಮ್ (ತೆಳು ಬಿಲ್ಲೆ) ಹಾಕುತ್ತಾ ಹೋಗಿ, ಪ್ರತಿಸಲ ಪ್ಲಗ್ ಕಿತ್ತು. ಚೂರೊಂದನ್ನು ಕೊಯ್ದು ಅಂಚಿಗೆ ಉಗುರು ಎಳೆಯಿರಿ: ಎರಡೂ ಬದಿ ಚಕ್ಕೆ ಎದ್ದಿದ್ದರೆ ಶಿಮ್ ಸಾಲದು, ಒಂದೇ ಬದಿಯಾದರೆ ಸ್ಕೋರಿಂಗ್ ಬ್ಲೇಡನ್ನು ಆ ಕಡೆಗೆ ಸರಿಸಿ. ಡೊಂಕು ಬೋರ್ಡಾದರೆ ಒತ್ತಿ ಹಿಡಿಯಿರಿ, ಎದ್ದ ಕಡೆ ಗೆರೆಯೇ ಬೀಳಲ್ಲ.