ಗಾಜಿನ ಚಪ್ಪಲಿ, ಅಮ್ಮನ ಮರ

ನಿನ್ನೆ ರಾತ್ರಿ ಮಗಳಿಗೆ ಮೊದಲ ಸಲ ಸಿಂಡ್ರೆಲಾ ಕಥೆ ಹೇಳಿದೆ. ಪುಸ್ತಕ ಇಲ್ಲ, ಮೊಬೈಲ್ ಇಲ್ಲ. ದೀಪ ಆರಿಸಿ, ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಅಮ್ಮ ನನಗೆ ಹೇಳುತ್ತಿದ್ದ ಹಾಗೇ ಹೇಳಿದೆ. ಕುಂಬಳಕಾಯಿ ಸಾರೋಟು ಆಗುವಾಗ ಅಮ್ಮ ದನಿ ತಗ್ಗಿಸುತ್ತಿದ್ದಳು. ನಾನೂ ತಗ್ಗಿಸಿದೆ. ಮಗಳು ಉಸಿರು ಬಿಗಿಹಿಡಿದು ಕೇಳುತ್ತಿದ್ದಳು.

ಗಡಿಯಾರ ಹನ್ನೆರಡು ಹೊಡೆಯಿತು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಆದರೆ ಅವಳ ಚಿಂತೆ ರಾಜಕುಮಾರನದ್ದಲ್ಲ. "ಅಮ್ಮಾ, ಅವಳಮ್ಮ ಎಲ್ಲಿ ಹೋದ್ಲು?"

ಚಿಕ್ಕವಳಿದ್ದಾಗ ನನಗೆ ಈ ಪ್ರಶ್ನೆ ಬಂದೇ ಇರಲಿಲ್ಲ. ನನ್ನ ಕಣ್ಣೆಲ್ಲ ಆ ಗಾಜಿನ ಚಪ್ಪಲಿ ಮೇಲೇ. ಆ ಚಪ್ಪಲಿ, ಆ ಕುಂಬಳಕಾಯಿ ಎರಡೂ 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಪ್ರಕಟಿಸಿದ ಕಥೆಯವು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಮಾಯದ ಕೋಲಿನ ಕಿನ್ನರಿ ಇಲ್ಲವೇ ಇಲ್ಲ. ಹುಡುಗಿ ತಾಯಿಯ ಸಮಾಧಿ ಮೇಲೆ ಒಂದು ಗಿಡ ನೆಡುತ್ತಾಳೆ. ಅದು ಮರವಾಗುತ್ತದೆ. ಅವಳಿಗೆ ಚೆಂದದ ಬಟ್ಟೆ ಸಿಗುವುದು ಆ ಮರದಿಂದಲೇ. ಅಕ್ಕಂದಿರು ಚಪ್ಪಲಿಗಾಗಿ ಕಾಲು ಕೊಯ್ದುಕೊಳ್ಳುವ ಭಾಗವೂ ಅದರಲ್ಲಿದೆ. ಅದನ್ನು ಈಗಲೇ ಹೇಳೋದು ಬೇಡ ಅನ್ನಿಸಿತು. ಮರದ ವಿಷಯ ಮಾತ್ರ ಹೇಳಿದೆ.

"ಅಮ್ಮನೇ ಮರ ಆದ್ಲು ಅಲ್ವಾ?"

ಹೂಂ ಅಂದೆ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡೇ ನಿದ್ದೆ ಹೋದಳು. ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. "ಏನಾಯ್ತೇ ಇಷ್ಟು ಬೇಗ?" ಅಂದಳು. ಸುಮ್ನೆ ಅಂದೆ.