ಗಾಂಧಿಬಜಾರಿನ ದೋಸೆಯೂ ನಮ್ಮ ಕಾಲೇಜಿನ ಬುಧವಾರಗಳೂ

ಗಾಂಧಿಬಜಾರಿನ ವಿದ್ಯಾರ್ಥಿ ಭವನವು ಬಸವನಗುಡಿಯ ನಮ್ಮ ನ್ಯಾಷನಲ್ ಕಾಲೇಜಿಗಿಂತ ಎರಡು ವರ್ಷ ಹಿರಿಯದು. ಕಾಲೇಜು ಆರಂಭವಾದದ್ದು 1945ರಲ್ಲಿ. ಸಾಲಿಗ್ರಾಮದ ಕಡೆಯಿಂದ ಬಂದ ವೆಂಕಟರಮಣ ಉರಾಳರು ಆ ಹೋಟೆಲನ್ನು ತೆರೆದದ್ದು 1943ರಲ್ಲಿ. ಅದು ಎರಡನೆಯ ಮಹಾಯುದ್ಧದ ಕಾಲ, ಅಕ್ಕಿಗೆ ತತ್ವಾರ. ಅಂಥ ಹೊತ್ತಿನಲ್ಲಿ ಸುತ್ತಮುತ್ತಲ ಶಾಲೆಗಳ ಹುಡುಗರ ಹಸಿವನ್ನು ನಂಬಿ ಒಬ್ಬರು ಹೋಟೆಲು ಇಟ್ಟರೆಂಬುದು ನನಗೆ ಇಂದಿಗೂ ಗೌರವ ಹುಟ್ಟಿಸುವ ಸಂಗತಿ. 1970ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂದಿತು. ನಾನು ಎಂಬತ್ತರ ದಶಕದಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿ ಬಸವನಗುಡಿಗೆ ಬಂದಾಗ, ಹಿರಿಯ ವಿದ್ಯಾರ್ಥಿಗಳು ಗ್ರಂಥಾಲಯ ಎಲ್ಲಿದೆ ಎಂಬುದನ್ನು ತೋರಿಸುವುದಕ್ಕೆ ಮೊದಲೇ ಅಲ್ಲಿಗೆ ಕರೆದುಕೊಂಡು ಹೋಗಿದ್ದರು.

ನಮ್ಮ ಪಾಲಿಗೆ ಅಲ್ಲಿಗೆ ಹೋಗುವ ದಿನವೆಂದರೆ ಬುಧವಾರ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳು ಬುಧವಾರದ ಸಂಜೆ ಕಾಲೇಜಿನಲ್ಲಿ ನಡೆಯುತ್ತಿದ್ದವು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂಬುದು ಆ ವಾತಾವರಣದ ಪಾಠವಾಗಿದ್ದುದರಿಂದ, ಸಭಾಂಗಣದಲ್ಲಿ ಕೇಳಲು ಸಂಕೋಚಪಟ್ಟ ಪ್ರಶ್ನೆಗಳೆಲ್ಲ ನಾವು ಗಾಂಧಿಬಜಾರಿನ ಕಡೆಗೆ ನಡೆಯುವಾಗ ಹೊರಬರುತ್ತಿದ್ದವು. ಹೋಟೆಲಿನವರು ಬಾಗಿಲು ಹಾಕುವ ಮೊದಲು ತಲುಪಬೇಕೆಂಬ ಆತುರದಲ್ಲಿ ನಡಿಗೆ ಚುರುಕಾಗುತ್ತಿತ್ತು, ವಾದವೂ ಚುರುಕಾಗುತ್ತಿತ್ತು. ಹೂವಿನ ಅಂಗಡಿಗಳ ಸಾಲು ಬಂದಾಗ ಮಲ್ಲಿಗೆ, ಸೇವಂತಿಗೆಗಳ ವಾಸನೆ. ಅದನ್ನು ದಾಟಿದೊಡನೆ ಕಾವಲಿಯ ಮೇಲೆ ಕಾಯುತ್ತಿರುವ ತುಪ್ಪದ ವಾಸನೆ. ಅಲ್ಲಿಗೆ ವಾದ ತಾನಾಗಿ ನಿಲ್ಲುತ್ತಿತ್ತು.

ಆ ದೋಸೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಈಗ ಅನೇಕ ಕಡೆ ಸಿಗುವ, ತಟ್ಟೆಯಿಂದ ಆಚೆಗೆ ಚಾಚಿಕೊಂಡ ತೆಳು ದೋಸೆ ಅದಲ್ಲ. ಅಳತೆಯಲ್ಲಿ ಚಿಕ್ಕದು, ದಪ್ಪ; ಹೊರಮೈ ಕೆಂಪು ಮೀರಿ ಕಂದಿಗೆ ತಿರುಗಿದ್ದು, ಮುರಿದರೆ ಸದ್ದು ಬರುವಷ್ಟು ಗರಿಗರಿ, ಒಳಗೆ ಮಾತ್ರ ಮೃದು. ಮಡಿಕೆಯೊಳಗೆ ಆಲೂಗಡ್ಡೆಯ ಪಲ್ಯ. ಬಿಳಿ ಪಂಚೆಯುಟ್ಟ ಸರಬರಾಜಿನವರು ಒಂದು ತೋಳಿನ ಮೇಲೆ ಭುಜದವರೆಗೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಜನರ ನಡುವೆ ತೂರಿ ಬರುತ್ತಿದ್ದರು. ಒಂದು ತಟ್ಟೆಯೂ ಜಾರಿದ್ದನ್ನು ನಾನು ಕಾಣಲಿಲ್ಲ. ಅವರ ಹಿಂದೆಯೇ ಚಟ್ನಿಯ ಪಾತ್ರೆ ಹಿಡಿದು ಇನ್ನೊಬ್ಬರು ಬಂದು ನೀರಾದ ತೆಂಗಿನಕಾಯಿ ಚಟ್ನಿಯನ್ನು ಸುರಿಯುತ್ತಿದ್ದರು. ಗಟ್ಟಿ ಚಟ್ನಿಯಾದರೆ ದೋಸೆಯ ಪಕ್ಕದಲ್ಲಿ ಉಳಿದುಬಿಡುತ್ತದೆ. ನೀರು ಚಟ್ನಿ ಅದರೊಳಗೆ ಇಳಿಯುತ್ತದೆ. ಗರಿಗರಿಯಾದ ಅಂಚನ್ನು ಮೊದಲು ಮುರಿದು ತಿಂದು, ಚಟ್ನಿಯಲ್ಲಿ ನೆನೆದ ನಡುಭಾಗವನ್ನು ಕೊನೆಗೆ ಇಟ್ಟುಕೊಳ್ಳುವುದು ನನ್ನ ಕ್ರಮ. ಇದಕ್ಕೆ ಒಪ್ಪದ ಗೆಳೆಯರು ಈಗಲೂ ಇದ್ದಾರೆ.

ರಸಾಯನಶಾಸ್ತ್ರ ಓದುತ್ತಿದ್ದ ನನಗೆ ಆ ಬಣ್ಣವೇ ಒಂದು ಪಾಠವಾಯಿತು. ನೆನೆಸಿ ರುಬ್ಬಿದ ಅಕ್ಕಿ, ಉದ್ದಿನ ಹಿಟ್ಟಿನಲ್ಲಿ ರಾತ್ರಿಯೆಲ್ಲ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಕೆಲಸ ಮಾಡಿ ಹುಳಿಯನ್ನೂ ಗಾಳಿಗುಳ್ಳೆಗಳನ್ನೂ ಉಂಟುಮಾಡುತ್ತವೆ. ಪಿಷ್ಟ ಮತ್ತು ಪ್ರೋಟೀನುಗಳು ಅಷ್ಟಷ್ಟು ಒಡೆದು ಸಕ್ಕರೆಗಳೂ ಅಮೈನೋ ಆಮ್ಲಗಳೂ ಬಿಡುಗಡೆಯಾಗುತ್ತವೆ. ಕಾದ ಕಾವಲಿಯ ಮೇಲೆ ಇವೆರಡೂ ಕೂಡಿದಾಗ ಆ ಕೆಂಪು, ಆ ಘಮ. ಪಠ್ಯದಲ್ಲಿ ಮೈಯಾರ್ ಪ್ರತಿಕ್ರಿಯೆ ಎಂದು ಓದಿದ್ದು ಇದನ್ನೇ. ಆದರೆ ಪ್ರಯೋಗಾಲಯದಲ್ಲಿ ನಾವು ಉಷ್ಣತೆಯನ್ನು ನಿಯಂತ್ರಿಸಬಹುದಿತ್ತು. ಅಡುಗೆಮನೆಯಲ್ಲಿ ಋತುವೇ ಬದಲಾಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಹುಳಿಯೇರಲು ತಡ, ಏಪ್ರಿಲ್‌ನಲ್ಲಿ ಅವಸರ. ಕಡಲೆಕಾಯಿ ಪರಿಷೆಯ ಹೊತ್ತಿನಲ್ಲೂ ಬೇಸಿಗೆ ಪರೀಕ್ಷೆಯ ಹೊತ್ತಿನಲ್ಲೂ ದೋಸೆ ಒಂದೇ ರುಚಿಯಲ್ಲಿ ಬರಬೇಕಾದರೆ, ಯಾರೋ ಒಬ್ಬರು ಪ್ರತಿ ರಾತ್ರಿ ಹಿಟ್ಟಿನ ಮುಂದೆ ನಿಂತು ತೀರ್ಮಾನ ಮಾಡಿರಲೇಬೇಕು. ಪರೀಕ್ಷೆ ಕೆಟ್ಟ ದಿನವೂ, ಊರಿನಿಂದ ಹಣ ಬಾರದೆ ಬೇಸರಗೊಂಡ ದಿನವೂ ನಾವು ಅಲ್ಲಿಗೇ ಹೋಗುತ್ತಿದ್ದೆವು. ನಾವು ಹುಡುಕಿಕೊಂಡು ಹೋಗುತ್ತಿದ್ದ ಆ ಸಮಾಧಾನ, ಹೆಸರು ತಿಳಿಯದ ಆ ಕೈಗಳ ನಿತ್ಯದ ಎಚ್ಚರದಿಂದ ಬಂದದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಅಲ್ಲಿ ಮೇಜು ಯಾರೊಬ್ಬರದೂ ಅಲ್ಲ. ಖಾಲಿಯಾದ ಕುರ್ಚಿಯಲ್ಲಿ ಕೂರಬೇಕು. ಎದುರಿಗೆ ಯಾರಿದ್ದರೂ ಸರಿ. ನಿವೃತ್ತ ಗುಮಾಸ್ತರು, ಮಾರುಕಟ್ಟೆಗೆ ಬಂದ ದಂಪತಿಗಳು, ಹೂವಿನ ವ್ಯಾಪಾರಿಗಳು, ಒಮ್ಮೊಮ್ಮೆ ನಮ್ಮದೇ ಅಧ್ಯಾಪಕರು. ಅಧ್ಯಾಪಕರು ಎದುರು ಸಿಕ್ಕರೆ ಮೊದಲ ಕೆಲವು ನಿಮಿಷ ನಾವು ತಲೆಯೆತ್ತುತ್ತಿರಲಿಲ್ಲ. ಕಾಫಿ ಬರುವ ಹೊತ್ತಿಗೆ ಅವರೇ ಆ ದಿನದ ಉಪನ್ಯಾಸದ ಮಾತು ತೆಗೆಯುತ್ತಿದ್ದರು. ತರಗತಿಯಲ್ಲಿ ವೇದಿಕೆಯ ಮೇಲೆ ನಿಂತು ಹೇಳಿದ್ದನ್ನೇ ಅವರು ಮೇಜಿನ ಆಚೆಯಿಂದ ಹೇಳಿದಾಗ ನನಗೆ ಹೆಚ್ಚು ಅರ್ಥವಾಗುತ್ತಿತ್ತು. ಮಾಸ್ತಿಯವರೂ ಡಿವಿಜಿಯವರೂ ಓಡಾಡಿದ ಬಡಾವಣೆ ಇದು ಎಂಬ ಹೆಮ್ಮೆ ನಮ್ಮ ಅಧ್ಯಾಪಕರ ಮಾತಿನಲ್ಲಿ ಸದಾ ಇರುತ್ತಿತ್ತು. ಈಗ ಹೋಟೆಲಿನ ಗೋಡೆಗಳ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳನ್ನು ನೋಡಿದಾಗ ಆ ಅಧ್ಯಾಪಕರ ಧ್ವನಿ ಕಿವಿಗೆ ಬರುತ್ತದೆ.

ಕಾಫಿ ಯಾವಾಗಲೂ ಬೈ ಟು. ಅರ್ಧ ಲೋಟ ಕಾಫಿಯನ್ನು ಎಷ್ಟು ಹೊತ್ತು ಕುಡಿಯಬಹುದೋ ಅಷ್ಟು ಹೊತ್ತು ಮಾತು. ಹಿಂದೆ ಕುರ್ಚಿಗಾಗಿ ಕಾಯುವವರು ಬಂದು ನಿಂತರೆ ಎದ್ದುಬಿಡಬೇಕು, ಅದು ಹೇಳದೆಯೇ ಎಲ್ಲರಿಗೂ ಗೊತ್ತಿದ್ದ ಶಿಷ್ಟಾಚಾರ.

ಈಗಿನ ವಿದ್ಯಾರ್ಥಿಗಳಿಗೆ ಊಟ, ತಿಂಡಿ ಮನೆ ಬಾಗಿಲಿಗೇ ಬರುತ್ತದೆ. ಆದರೂ ಈ ದೋಸೆಯನ್ನು ಡಬ್ಬಿಯಲ್ಲಿ ತರಿಸಿ ತಿನ್ನಬೇಡಿ ಎಂದು ಕೇಳಿಕೊಳ್ಳುತ್ತೇನೆ. ದಾರಿಯ ಹಬೆಯಲ್ಲಿ ಗರಿ ಸತ್ತುಹೋಗುತ್ತದೆ, ಸುರಿಯುವ ಚಟ್ನಿಯೂ ಇರುವುದಿಲ್ಲ. ಶುಕ್ರವಾರ ಅವರಿಗೆ ರಜೆ. ಶನಿವಾರ, ಭಾನುವಾರ ಬೆಳಿಗ್ಗೆ ಹೋದರೆ ಬೀದಿಯವರೆಗೆ ಜನ ನಿಂತಿರುತ್ತಾರೆ. ವಾರದ ನಡುವಿನ ಒಂದು ದಿನ, ಮಧ್ಯಾಹ್ನದ ವಿರಾಮ ಮುಗಿದು ಬಾಗಿಲು ತೆರೆದೊಡನೆ ಹೋಗಿ, ಸಾಧ್ಯವಾದರೆ ನಿಮ್ಮ ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.